ಶೆಡ್ಡು ಖಾಲಿಯಾದ ವೃತ್ತಾಂತ

ಪುರಾತನ ವಾಹನ ಸಂಗ್ರಾಹಕರ ಮಹಾಮಂಡಳಿಯ ನಿಯಮಾವಳಿಯಲ್ಲಿ ಹನ್ನೊಂದನೆಯ ನಿಯಮ ಹೀಗಿದೆ: "ಯಾವುದೇ ವಾಹನವು ತಾನು ಹಳೆಯದೆಂದು ಸಾಬೀತುಪಡಿಸುವ ತನಕ ಹೊಸದಾಗಿರತಕ್ಕದ್ದು." ಇದರಲ್ಲಿ ಹುಳುಕು ಹುಡುಕುವಂಥದ್ದೇನೂ ಇಲ್ಲ. ಮಂಡಳಿ ಹುಟ್ಟಿದ ಇಪ್ಪತ್ತು ವರ್ಷಗಳಲ್ಲಿ ಈ ನಿಯಮದಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಏಕೆಂದರೆ ಮಂಡಳಿಯ ಮುಂದೆ ಬಂದ ಗಾಡಿಗಳೆಲ್ಲ ಗೇಟು ದಾಟುವಷ್ಟರಲ್ಲಿ ಬಂಪರನ್ನೋ ಬಾಗಿಲನ್ನೋ ಉದುರಿಸಿ ತಮ್ಮ ವಯಸ್ಸನ್ನು ತಾವೇ ಹೇಳಿಕೊಳ್ಳುತ್ತಿದ್ದವು. ತೊಂದರೆಯಾದದ್ದು ರಸೀದಪ್ಪನವರ ಕಾರಿನಿಂದ ಮಾತ್ರ.

ರಸೀದಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬಸ್ ಡಿಪೋದ ಬಿಡಿಭಾಗಗಳ ಸ್ಟೋರಿನಲ್ಲಿ ಮೂವತ್ತನಾಲ್ಕು ವರ್ಷ ಒಂದೇ ಕಿಟಕಿಯ ಹಿಂದೆ ಕೂತಿದ್ದ ಆ ಮನುಷ್ಯ, ಹಳೆಯ ನಟ್ಟು ತಂದೊಪ್ಪಿಸದ ಯಾರಿಗೂ ಹೊಸ ನಟ್ಟು ಕೊಟ್ಟವರಲ್ಲ, ಕೊಟ್ಟ ನಟ್ಟಿಗೆ ರಸೀದಿ ಬರೆಸಿಕೊಳ್ಳದೆ ಬಿಟ್ಟವರಲ್ಲ. ನಿವೃತ್ತಿಯ ದಿನ ಸಹೋದ್ಯೋಗಿಗಳು ಗೋಡೆ ಗಡಿಯಾರ ಕೊಟ್ಟಾಗ, ಭಾಷಣದ ಬದಲು ಅದಕ್ಕೊಂದು ರಸೀದಿ ಬರೆದುಕೊಟ್ಟು ಇಳಿದುಬಂದರು. ಮನೆಯಲ್ಲೂ ಇದೇ ಪದ್ಧತಿ. ಸುಟ್ಟ ಬಲ್ಬು ಒಪ್ಪಿಸದೆ ಹೊಸ ಬಲ್ಬು ಸಿಗುತ್ತಿರಲಿಲ್ಲ. ಹೆಂಡತಿ ಒಮ್ಮೆ ಕತ್ತಲಲ್ಲಿ ಬಲ್ಬು ಒಡೆದುಹಾಕಿ, ಗಾಜಿನ ಚೂರುಗಳನ್ನು ಎಣಿಸಿ ಒಪ್ಪಿಸಿದ್ದುಂಟು.

ಕಾರು ಮಾತ್ರ ಹೆತ್ತವರಿಂದಲೇ ಬಂದದ್ದು. ೧೯೫೭ರ ಅಮೆರಿಕದ ಮಾದರಿ, ಹದಿನೇಳು ಅಡಿ ಉದ್ದ. ತಿಳಿಹಸಿರು ಮೈ, ಕೆನೆಬಣ್ಣದ ಮಾಡು, ಹಿಂದುಗಡೆ ಮೇಲೆದ್ದ ಎರಡು ತಗಡಿನ ರೆಕ್ಕೆ, ಮೂವರು ಕಾಲು ಚಾಚಿ ಕೂರುವಂಥ ಸೀಟು ಮುಂದೊಂದು ಹಿಂದೊಂದು. ರಸೀದಪ್ಪನವರ ತಂದೆ ಬಟ್ಟೆ ಗಿರಣಿಯ ವಿದೇಶಿ ಮ್ಯಾನೇಜರಿಗೆ ಡ್ರೈವರಾಗಿದ್ದರು. ಗಿರಣಿ ಮುಚ್ಚಿತು, ಮ್ಯಾನೇಜರು ಹಡಗು ಹತ್ತುವ ಮುನ್ನ ಪಿಂಚಣಿಯ ಬದಲಿಗೆ ಕಾರಿನ ಕೀಲಿಯನ್ನೇ ಡ್ರೈವರಿನ ಕೈಗಿಟ್ಟುಹೋದ. ತಂದೆ ಕಣ್ಣು ಮುಚ್ಚುವ ಮುಂಚೆ ಮಗನಿಗೆ ಹೇಳಿದ್ದು ಒಂದೇ ಮಾತು: "ಇದರದ್ದು ಅಂತ ಏನನ್ನೂ ಎಸೀಬೇಡ ಮಗಾ." ಮಗ ಆ ಮಾತನ್ನು ತಂದೆ ಅಂದುಕೊಂಡದ್ದಕ್ಕಿಂತ ಹೆಚ್ಚೇ ಪಾಲಿಸಿದರು. ದಿನಾ ಬೆಳಿಗ್ಗೆ ಮೂರು ಬಟ್ಟೆಯಲ್ಲಿ ಒರೆಸುವುದು, ಭಾನುವಾರ ಸ್ಟಾರ್ಟ್ ಮಾಡಿ ನಾಲ್ಕು ಅಡಿ ಮುಂದೆ, ನಾಲ್ಕು ಅಡಿ ಹಿಂದೆ ಓಡಿಸುವುದು. ಆ ಕಾರನ್ನು ಕಂಡರೆ ಅವರಿಗೆ ಪ್ರಾಣ. ಇದನ್ನು ಅವರು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಹೇಳದೆಯೇ ಎಲ್ಲರಿಗೂ ಗೊತ್ತಿತ್ತು.

ಹಾಗಿದ್ದರೂ ಮಾರಲೇಬೇಕಾಗಿ ಬಂತು, ಕಾರಣ ಹೊಲಿಗೆ ಯಂತ್ರ. ಮದುವೆಯಾದ ವಾರದಲ್ಲಿ ರಸೀದಪ್ಪ ಹೆಂಡತಿಗೆ ಮಾತು ಕೊಟ್ಟಿದ್ದರು: "ಎಂಟು ದಿನ ತಡಿ, ನಿನ್ನ ಮಿಷನ್ನಿಗೆ ಕಾರಿನ ಶೆಡ್ಡು ಖಾಲಿ ಮಾಡಿಕೊಡ್ತೀನಿ." ಎಂಟು ದಿನಕ್ಕೆ ಈಗ ಮೂವತ್ತೊಂದು ವರ್ಷ. ಯಂತ್ರ ಅಷ್ಟೂ ಕಾಲ ನಡುಮನೆಗೆ ಹೋಗುವ ಇಕ್ಕಟ್ಟಾದ ಓಣಿಯಲ್ಲೇ ಇತ್ತು, ಮನೆಗೆ ಬಂದವರೆಲ್ಲ ಏಡಿಯ ಹಾಗೆ ಅಡ್ಡಡ್ಡ ನಡೆದು ಒಳಬರುತ್ತಿದ್ದರು. ಈ ಸಲ ಹೆಂಡತಿ ಜಗಳವಾಡಲಿಲ್ಲ. ಬೀದಿಗೆ "ಹೊಲಿಗೆ ತರಗತಿ, ಒಂದನೇ ತಾರೀಖಿನಿಂದ" ಎಂದು ಬೋರ್ಡು ಬರೆಸಿ ಹಾಕಿ, ಹನ್ನೆರಡು ಹೆಣ್ಣುಮಕ್ಕಳ ಹೆಸರು ಬರೆದುಕೊಂಡಳು.

"ಹತ್ತು ಗಂಟೆಗೆ ಬರ್ತಾರೆ," ಎಂದಳು. "ಅವರನ್ನೂ ಓಣಿಯಲ್ಲಿ ನಿಲ್ಲಿಸಲಾ, ಹೇಳಿ."

ರಸೀದಪ್ಪ ಆ ಬೋರ್ಡನ್ನು ಎರಡು ಸಲ ಓದಿದರು. ಕಾರನ್ನು ಹಳೆಯದೆಂದು ಒಪ್ಪಿ ಹರಾಜು ಹಾಕಿಕೊಡಬೇಕೆಂದು ಅಂದೇ ಮಹಾಮಂಡಳಿಗೆ ಅರ್ಜಿ ಬರೆದರು.

ಮಂಡಳಿಯ ತಪಾಸಣಾ ಸಮಿತಿ ಒಂದನೇ ತಾರೀಖಿಗೆ ಮೂರು ವಾರ ಇರುವಾಗ ಬಂತು. ಅಧ್ಯಕ್ಷರು ಟೈಲ್ಸ್ ವ್ಯಾಪಾರಿ, ದೊಡ್ಡ ಹೊಟ್ಟೆ, ದೊಡ್ಡ ಮಾತು. ಕಾರ್ಯದರ್ಶಿಗಳು ನಿವೃತ್ತ ಸರ್ವೇಯರು, ಭೂತಗನ್ನಡಿ ಅವರ ಕೈಯಿಂದ ಕೆಳಗಿಳಿದದ್ದನ್ನು ಕಂಡವರಿಲ್ಲ. ಮೂರನೆಯವರು ಹಲ್ಲಿನ ಡಾಕ್ಟರು. ಬಾನೆಟ್ಟು ತೆರೆಸಿ "ಇನ್ನೂ ಸ್ವಲ್ಪ ದೊಡ್ಡದಾಗಿ" ಎಂದು ಹೇಳಿ, ಕಡ್ಡಿ ಕನ್ನಡಿಯೊಂದನ್ನು ಎಂಜಿನ್ನಿನ ಸಂದಿಯಲ್ಲಿ ತೂರಿಸಿ ನೋಡಿದರು. ನಾಲ್ಕು ಗಂಟೆಯ ತಪಾಸಣೆ, ಆರು ಲೋಟ ಟೀ. ಬಳಿಕ ಕಾರ್ಯದರ್ಶಿಗಳು ನಿಂತುಕೊಂಡೇ ವರದಿ ಓದಿದರು.

"ತುಕ್ಕು, ಇಲ್ಲ. ಇಲಿಯ ಗೂಡು, ಇಲ್ಲ. ಹರಿದ ಸೀಟು, ಇಲ್ಲ. ತಳ್ಳದೆ ಸ್ಟಾರ್ಟ್ ಆಗುತ್ತದೆಯೇ, ಆಗುತ್ತದೆ. ಒಟ್ಟು ಅಂಕ ನೂರಕ್ಕೆ ಸೊನ್ನೆ."

"ಅಂದ್ರೆ?" ಎಂದರು ರಸೀದಪ್ಪ.

"ಅಂದ್ರೆ ನಿಮ್ಮ ಕಾರು ಹೊಸದು."

"ಐವತ್ತೇಳನೇ ಇಸವೀದು ಸ್ವಾಮಿ! ನೋಂದಣಿ ಪುಸ್ತಕದಲ್ಲೇ ಬರೆದಿದೆ."

"ಪುಸ್ತಕ ಹೇಳುತ್ತೆ, ಒಪ್ಪಿದೆ. ಕಾರು ಹೇಳ್ತಾ ಇಲ್ಲವಲ್ಲ."

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ನಾನು ಈ ಮನೆಗೆ ಬಂದಾಗ ಇದು ಇಲ್ಲೇ ನಿಂತಿತ್ತು. ಹಾಗಾದ್ರೆ ನಾನೂ ಹೊಸಬಳಾ?"

"ತಾಯಿ," ಎಂದರು ಅಧ್ಯಕ್ಷರು ಕೈಮುಗಿದು, "ತಾವು ನಮ್ಮ ಮಂಡಳಿಯ ವ್ಯಾಪ್ತಿಗೆ ಬರೋದಿಲ್ಲ."

ಸಮಿತಿ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿತ್ತು. ರಸೀದಪ್ಪ ಅವರ ಹಿಂದೆಯೇ ಬಾಗಿಲಿಗೆ ಓಡಿದರು. "ತುಕ್ಕು ಬಂದೇ ಇಲ್ಲ ಅಂತಲ್ಲ," ಎಂದು ಹಿಂದಿನಿಂದಲೇ ಕೂಗಿದರು. "ಬರ್ತಾ ಇತ್ತು. ಬಂದಾಗೆಲ್ಲ ಕೆರೆದು ತೆಗೆದೆ."

"ತೆಗೆದು ಏನು ಮಾಡಿದ್ರಿ?" ಎಂದರು ಅಧ್ಯಕ್ಷರು.

ಈ ಪ್ರಶ್ನೆಯಿಂದ ರಸೀದಪ್ಪನವರಿಗೆ ನಿಜಕ್ಕೂ ನೋವಾಯಿತು. ಮೂವತ್ತನಾಲ್ಕು ವರ್ಷ ಸ್ಟೋರು ನೋಡಿಕೊಂಡವನನ್ನು ಕೇಳುವ ಪ್ರಶ್ನೆಯೇ ಇದು? "ಏನು ಮಾಡ್ತಾರೆ? ಇಟ್ಟಿದ್ದೀನಿ," ಎಂದರು.

ಒಳಗಿನ ಕಪಾಟಿನಿಂದ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ ಹೊರಬಂತು. ಮುಚ್ಚಳದ ಮೇಲೆ ಎರಡು ಬೆಕ್ಕಿನ ಮರಿಗಳ ಚಿತ್ರ. ಒಳಗೆ ನಾನ್ನೂರ ಹನ್ನೆರಡು ಕಾಗದದ ಪೊಟ್ಟಣ, ಪ್ರತಿಯೊಂದರ ಮೇಲೂ ತಾರೀಖು, ಮುತ್ತಿನಂಥ ಅಕ್ಷರ. ಕಾರ್ಯದರ್ಶಿಗಳು ಭೂತಗನ್ನಡಿ ಹಿಡಿದು ಒಂದನ್ನು ಓದಿದರು: "ಹಿಂಬದಿ ಎಡಬಾಗಿಲು, ಕೆಳ ಅಂಚು. ತುಕ್ಕು ಮೂರು ಚಿಟಿಕೆ. ಕಾರಣ, ಒದ್ದೆ ಟವೆಲು ಒಣಹಾಕಿದ್ದು. ಒಣಹಾಕಿದವರ ಸಹಿ." ಸಹಿ ಹೆಂಡತಿಯದು.

ಅಧ್ಯಕ್ಷರು ಚಪ್ಪಲಿ ಬಿಟ್ಟರು. ಪೊಟ್ಟಣವೊಂದನ್ನು ಬಿಡಿಸಿ, ಮೂಸಿ, ಕಣ್ಣು ಮುಚ್ಚಿಕೊಂಡರು. "ಅಸಲಿ," ಎಂದರು. ಅವರ ಬಳಿ ಹನ್ನೊಂದು ಹಳೆಯ ಕಾರುಗಳಿದ್ದವು, ಎಲ್ಲದರ ತುಕ್ಕೂ ಕಾರಿಗೇ ಅಂಟಿಕೊಂಡಿತ್ತು. ತಾರೀಖು ಹಾಕಿದ, ಸಾಕ್ಷಿಯ ಸಹಿಯಿರುವ ತುಕ್ಕನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಹಲ್ಲಿನ ಡಾಕ್ಟರು ತಮಗೂ ಏನಾದರೂ ಸಿಕ್ಕೀತೆಂದು ಕಾರಿನ ಸುತ್ತ ಒಂದು ಸುತ್ತು ಬಂದರು. ಕಾರಿನ ಡಿಕ್ಕಿಯ ಕಡೆ ಕೈತೋರಿಸಿ, "ಆ ಸ್ಟೆಪ್ನಿ ಚಕ್ರಕ್ಕೆ ಗಾಳಿ ಯಾವಾಗ ಹಾಕಿಸಿದ್ದು?" ಎಂದರು.

"ಹಾಕಿಸೇ ಇಲ್ಲ. ಅದನ್ನ ಇಳಿಸೋ ಸಂದರ್ಭವೇ ಬರಲಿಲ್ಲ. ಬಂದಾಗ ಏನಿತ್ತೋ ಅದೇ ಇದೆ."

ಡಾಕ್ಟರು ಚಕ್ರಕ್ಕೆ ಕಿವಿಯಿಟ್ಟರು. ಬಹಳ ಹೊತ್ತು ಹಾಗೇ ಇದ್ದು ಮೆಲ್ಲಗೆ, "ಐವತ್ತೇಳನೇ ಇಸವಿಯ ಅಮೆರಿಕದ ಗಾಳಿ," ಎಂದರು. ಯಾರೂ ಸ್ವಲ್ಪ ಹೊತ್ತು ಉಸಿರಾಡಲಿಲ್ಲ, ಆ ಗಾಳಿಗೆ ಈ ಗಾಳಿ ಬೆರೆತೀತೆಂಬ ಭಯಕ್ಕೋ ಏನೋ.

ಸಮಿತಿ ಅಲ್ಲೇ, ಶೆಡ್ಡಿನಲ್ಲೇ, ತುರ್ತುಸಭೆ ಸೇರಿ ಹನ್ನೆರಡನೆಯ ನಿಯಮವನ್ನು ಅಂಗೀಕರಿಸಿತು: "ಹಳೆತನ ಎಲ್ಲಿದೆಯೋ ವಾಹನವೂ ಅಲ್ಲಿಯೇ ಇರತಕ್ಕದ್ದು." ಮರುದಿನ ಬೀದಿಯಲ್ಲಿ ಪ್ರಕಟಣೆ ಅಂಟಿಸಲಾಯಿತು:

"ಈ ಮೂಲಕ ಸಮಸ್ತ ಸಂಗ್ರಾಹಕರಿಗೆ ತಿಳಿಯಪಡಿಸುವುದೇನೆಂದರೆ, ಒಂದು ೧೯೫೭ರ ಅಮೆರಿಕದ ಕಾರನ್ನು ಬರುವ ಭಾನುವಾರ ಎರಡು ಭಾಗಗಳಲ್ಲಿ ಹರಾಜು ಹಾಕಲಾಗುವುದು. ಮುಂಭಾಗ: ತುಕ್ಕು, ಒಂದು ಡಬ್ಬಿ. ಹಿಂಭಾಗ: ಗಾಳಿ, ಒಂದು ಸ್ಟೆಪ್ನಿ. ಹರಾಜಿನ ಸ್ಥಳದಲ್ಲಿ ಡಬ್ಬಿಯ ಬಳಿ ಸೀನುವುದನ್ನು ನಿಷೇಧಿಸಿದೆ."

ಭಾನುವಾರ ಅಂಗಳ ತುಂಬಿತು. ಡಬ್ಬಿಯ ಕೂಗು ಸ್ಕೂಟರಿನ ಬೆಲೆಯಿಂದ ಶುರುವಾಗಿ, ಸಣ್ಣ ಮನೆಯ ಬೆಲೆಗೆ ಏರಿ, ಮಹಡಿ ಮನೆಯ ಬೆಲೆಯಲ್ಲಿ ಅಧ್ಯಕ್ಷರಿಗೆ ನಿಂತಿತು. ಸ್ಟೆಪ್ನಿ ಹಲ್ಲಿನ ಡಾಕ್ಟರ ಪಾಲಾಯಿತು. ಅವರು ಅದನ್ನು ಮಗುವಿನಂತೆ ಎದೆಗವುಚಿಕೊಂಡು, ವಾಲ್ವಿನ ಮೇಲೆ ಹೆಬ್ಬೆರಳೊತ್ತಿ ನಿಂತರು. ಹೆಂಡತಿ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಡಬ್ಬಿಯಲ್ಲಿ ಅರ್ಧಕ್ಕರ್ಧ ತುಕ್ಕು ತನ್ನ ಒದ್ದೆ ಟವೆಲಿನದು ಎಂದು ಅವಳಿಗೆ ಸಣ್ಣ ಹೆಮ್ಮೆಯೂ ಆಯಿತು.

ಜನ ಚದುರುವ ಹೊತ್ತಿಗೆ ರಸೀದಪ್ಪ ಅಧ್ಯಕ್ಷರ ತೋಳು ಹಿಡಿದರು. "ಕಾರು ಯಾವಾಗ ತಗೊಂಡು ಹೋಗ್ತೀರಿ?"

"ತಗೊಂಡೇ ಹೊರಟಿದ್ದೀನಲ್ಲ," ಎಂದರು ಅಧ್ಯಕ್ಷರು, ಡಬ್ಬಿ ತೋರಿಸಿ.

"ಅದಲ್ಲ, ಶೆಡ್ಡಲ್ಲಿರೋದು."

"ಶೆಡ್ಡಲ್ಲಿ ಏನಿದೆ?" ಎಂದು ಅಧ್ಯಕ್ಷರು ನಿಜವಾದ ಕುತೂಹಲದಿಂದ ಕೇಳಿದರು.

ನೋಂದಣಿ ವರ್ಗಾವಣೆಗೆಂದು ವಾಹನ ನಿರೀಕ್ಷಕರು ಮರುದಿನವೇ ಬಂದರು. ಯಾರ ಮುಲಾಜಿಗೂ ಬೀಳದ, ಫಾರಂನಲ್ಲಿ ಒಂದು ಸಾಲನ್ನೂ ಖಾಲಿ ಬಿಡದ ಮನುಷ್ಯ. ಡಬ್ಬಿಯನ್ನು ಮೇಜಿನ ಮೇಲಿಟ್ಟು ತಳ್ಳಿದರು. ಒಂದು ಗೇಣು ಜಾರಿ ನಿಂತಿತು. "ಬ್ರೇಕು, ಉತ್ತಮ," ಎಂದು ಬರೆದರು. "ಹೊಗೆ, ಇಲ್ಲ. ಆಸನ, ಇಲ್ಲ. ಬಣ್ಣ, ಬೆಕ್ಕಿನ ಮರಿ ಎರಡು." ಕಾರಿನ ಮುಂದಿನ ನಂಬರ್ ಪ್ಲೇಟು ಬಿಚ್ಚಿ ಡಬ್ಬಿಗೆ ತಂತಿಯಿಂದ ಕಟ್ಟಿದರು, ಹಿಂದಿನದನ್ನು ಸ್ಟೆಪ್ನಿಗೆ ಕಟ್ಟಿದರು. ಬಳಿಕ ಅಧ್ಯಕ್ಷರನ್ನೂ ಡಾಕ್ಟರನ್ನೂ ಎದುರಿಗೆ ನಿಲ್ಲಿಸಿಕೊಂಡು, "ಇದು ಒಂದೇ ವಾಹನ, ಜ್ಞಾಪಕವಿರಲಿ. ರಸ್ತೆಗಿಳಿದಾಗ ಮುಂಭಾಗ ಹಿಂಭಾಗದ ನಡುವೆ ಹದಿನೇಳು ಅಡಿ ಮೀರಿದ್ರೆ ಕೇಸು ಹಾಕ್ತೀನಿ," ಎಂದರು. ಅಂದಿನಿಂದ ಆ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಡಬ್ಬಿಯನ್ನಾಗಲಿ ಸ್ಟೆಪ್ನಿಯನ್ನಾಗಲಿ ಹೊರಗೆ ತಂದಿಲ್ಲ.

ಹಣವೇನೋ ಬಂತು, ಆದರೆ ಕೊಟ್ಟ ಮಾತು ಶೆಡ್ಡಿನದು, ಶೆಡ್ಡಿನಲ್ಲಿ ಕಾರು ನಿಂತೇ ಇತ್ತು. ರಸೀದಪ್ಪ ಸುತ್ತಾಡಿದರು. ಮಂಡಳಿಗೆ ಪುಕ್ಕಟೆ ಕೊಡುತ್ತೇನೆಂದರು. ಹೊಸ ಗಾಡಿಗಳನ್ನು ಮಂಡಳಿ ಮುಟ್ಟುವುದಿಲ್ಲವೆಂದು ಕಾರ್ಯದರ್ಶಿಗಳು ಪತ್ರ ಬರೆದರು. ಆ ಪತ್ರ ಹಿಡಿದು ಹೊಸ ಕಾರಿನ ಷೋರೂಮಿಗೆ ಹೋದರೆ, ಅಲ್ಲಿಯ ಹುಡುಗಿ ಫೋಟೋ ನೋಡಿ ನಕ್ಕು ನೀರು ಕುಡಿಸಿ ಕಳಿಸಿದಳು. ಗುಜರಿಯವನಂತೂ ಮನೆಗೇ ಬಂದು, ಬಾಗಿಲ ಮೇಲೆ ಬೆರಳಾಡಿಸಿ, "ಒಂದು ಚೂರು ತುಕ್ಕಿಲ್ಲ ಯಜಮಾನ್ರೇ. ಇದನ್ನ ಒಡೆಯೋಕೆ ನನಗೆ ಕೈ ಬರಲ್ಲ," ಎಂದು ಎದ್ದುಹೋದ. ಬೀದಿಯ ತುದಿಯ ಬಯಲಿಗೆ ಓಡಿಸಿ ನಿಲ್ಲಿಸೋಣವೆಂದರೆ, ನಂಬರಿಲ್ಲದ್ದು ರಸ್ತೆಗಿಳಿಯುವಂತಿಲ್ಲ.

ಮೂವತ್ತನೇ ತಾರೀಖಿನ ಸಂಜೆ ರಸೀದಪ್ಪ ಸ್ಪ್ಯಾನರು ಹಿಡಿದು ಶೆಡ್ಡಿಗೆ ಹೋದರು. ಬಿಚ್ಚಿ ತುಂಡುತುಂಡು ಮಾಡಿ ಅಟ್ಟಕ್ಕೆ ಹಾಕುವುದೆಂದು ತೀರ್ಮಾನ ಮಾಡಿಯಾಗಿತ್ತು. ಮೊದಲ ಬೋಲ್ಟಿಗೆ ಸ್ಪ್ಯಾನರು ಕೂರಿಸಿದರು, ತಿರುಗಿಸಲಾಗಲಿಲ್ಲ. ಬೋಲ್ಟು ಬಿಗಿಯಾಗಿರಲಿಲ್ಲ, ಅದಕ್ಕೆ ತಿಂಗಳಿಗೊಮ್ಮೆ ಎಣ್ಣೆ ಬಿಟ್ಟವರು ಇವರೇ. ಅಪ್ಪ ಈ ಸ್ಟಿಯರಿಂಗಿನ ಹಿಂದೆ ಕೂತು ಟೋಪಿ ಸರಿಮಾಡಿಕೊಳ್ಳುತ್ತಿದ್ದದ್ದು ಕಣ್ಣಿಗೆ ಕಟ್ಟಿತು, ಕಣ್ಣು ತುಂಬಿಬಂತು. ಹಿಂದೆ ಹೆಂಡತಿ ನಿಂತಿದ್ದಾಳೆಂಬುದು ಅವರಿಗೆ ತಿಳಿಯಲಿಲ್ಲ.

"ಇಡ್ರೀ ಅದನ್ನ ಕೆಳಗೆ," ಎಂದಳು ಅವಳು.

"ನಾಳೆ ಹತ್ತು ಗಂಟೆಗೆ ಹನ್ನೆರಡು ಜನ ಬರ್ತಾರೆ ಕಣೇ. ನಿನಗೆ ಮಾತು ಕೊಟ್ಟಿದ್ದೆ."

"ಎಂಟು ದಿನದ್ದು ತಾನೇ? ಗೊತ್ತು." ಅವಳು ಗಂಡನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಈ ಮನುಷ್ಯ ಯಾವುದಕ್ಕೂ ರಸೀದಿಯಿಲ್ಲದೆ ಅತ್ತಿರಲಿಲ್ಲ. ಕೊರಳಿನ ಟೇಪು ತೆಗೆದು, ಯಾಕೆಂದು ಹೇಳದೆ, ಬಾನೆಟ್ಟಿನ ಅಗಲ ಅಳೆದಳು. ಉದ್ದ ಅಳೆದಳು. "ಹೂಂ," ಎಂದಳು. "ಆ ಲೈಸೆನ್ಸಿನ ಫಾರಂ ಎಲ್ಲಿಟ್ಟಿದ್ದೀರಿ?"

ಫಾರಂನ ವಿಷಯ ಇಷ್ಟೇ. ಊರಿನ ದಾಖಲೆಯಲ್ಲಿ ಆ ಜಾಗ ವಾಹನದ ಶೆಡ್ಡು. ಅಲ್ಲಿ ತರಗತಿ ನಡೆಸಬೇಕಾದರೆ, ಒಳಗೆ ಯಾವ ವಾಹನವೂ ಇಲ್ಲವೆಂದು ವಾಹನ ನಿರೀಕ್ಷಕರೇ ಕಣ್ಣಾರೆ ಕಂಡು ಸಹಿ ಮಾಡಬೇಕು.

ಒಂದನೇ ತಾರೀಖು ಒಂಬತ್ತೂವರೆಗೆ ನಿರೀಕ್ಷಕರು ಬಂದರು. ಹೆಂಡತಿ ಶೆಡ್ಡಿನ ಎರಡೂ ಬಾಗಿಲು ತೆರೆದಿಟ್ಟಿದ್ದಳು. ಬೆಳಿಗ್ಗೆಯ ಬಿಸಿಲು ಹದಿನೇಳು ಅಡಿಯ ತಿಳಿಹಸಿರಿನ ಮೇಲೆ ಬಿದ್ದು ಕಣ್ಣು ಕೋರೈಸುತ್ತಿತ್ತು. ರಸೀದಪ್ಪ ಕಂಬಕ್ಕೊರಗಿ, ಬಯ್ಗುಳಕ್ಕೆ ಸಿದ್ಧರಾಗಿ ನಿಂತಿದ್ದರು.

"ಒಳಗೆ ವಾಹನ ಇದೆಯಾ?" ಎಂದು ನಿರೀಕ್ಷಕರು ಫಾರಂ ಓದಿದರು.

"ನೀವೇ ಹೇಳಬೇಕು ಸಾರ್," ಎಂದಳು ಹೆಂಡತಿ. "ಈ ವಿಳಾಸದ ವಾಹನ ಎಲ್ಲಿದೆ ಅಂತ ನಿಮ್ಮ ಪುಸ್ತಕದಲ್ಲೇ ಇದೆಯಲ್ಲ."

ನಿರೀಕ್ಷಕರು ಪುಸ್ತಕ ತೆರೆದರು. ಈ ವಿಳಾಸದ ವಾಹನದ ಮುಂಭಾಗ ಟೈಲ್ಸ್ ವ್ಯಾಪಾರಿಗಳ ಕಪಾಟಿನಲ್ಲಿತ್ತು, ಹಿಂಭಾಗ ಡಾಕ್ಟರ ದವಾಖಾನೆಯಲ್ಲಿ. ಅವರು ತಲೆಯೆತ್ತಿ ಕಾರನ್ನು ನೋಡಿದರು, ತಲೆ ತಗ್ಗಿಸಿ ಪುಸ್ತಕ ನೋಡಿದರು. ಕಾರಿನಲ್ಲಿ ಅವರ ಸಹಿಯಿರಲಿಲ್ಲ, ಪುಸ್ತಕದಲ್ಲಿತ್ತು.

"ವಾಹನ ಇಲ್ಲ," ಎಂದು ಬರೆದರು. ಪೆನ್ನು ಎತ್ತಿ, "ಹಾಗಾದ್ರೆ ಇದು?" ಎಂದರು.

"ಬಟ್ಟೆ ಕತ್ತರಿಸೋ ಮೇಜು. ಹಿಂದೆ ಮಕ್ಕಳು ಕೂರೋಕೆ ಸೀಟಿದೆ."

ನಿರೀಕ್ಷಕರು ಬಾನೆಟ್ಟನ್ನು ತಟ್ಟಿನೋಡಿದರು, ಅಲುಗಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಎರಡು ಸಲ ಕುಪ್ಪಳಿಸಿದರು. "ಪೀಠೋಪಕರಣ, ಉತ್ತಮ. ಕಿಟಕಿ, ನಾಲ್ಕು. ಗಾಳಿ ಬೆಳಕು, ಧಾರಾಳ," ಎಂದು ಬರೆದು, ಮೊಹರು ಹಾಕಿ, ಟೀ ಕುಡಿದು ಹೋದರು.

ಹತ್ತು ಗಂಟೆಗೆ ಹನ್ನೆರಡು ಜನರೂ ಬಂದರು. ಆರು ಮಂದಿ ಸೀಟುಗಳಲ್ಲಿ ಕೂತು ಸೂಜಿಗೆ ದಾರ ಪೋಣಿಸಿದರು, ಆರು ಮಂದಿ ಬಾನೆಟ್ಟಿನ ಸುತ್ತ ನಿಂತು ಬಟ್ಟೆಗೆ ಗೀಟು ಹಾಕುವುದನ್ನು ಕಲಿತರು. ಓಣಿಯಿಂದ ಶೆಡ್ಡಿಗೆ ಬಂದ ಯಂತ್ರ ರೆಕ್ಕೆಯ ಪಕ್ಕದಲ್ಲಿ ತನ್ನದೇ ಜಾಗವೆಂಬಂತೆ ಕೂತಿತು. ಅಷ್ಟು ದೊಡ್ಡ, ಅಷ್ಟು ನುಣುಪಾದ ಕತ್ತರಿ ಮೇಜು ಯಾವ ದರ್ಜಿಯ ಬಳಿಯೂ ಇಲ್ಲವೆಂದು ಒಬ್ಬಳು ಹೇಳಿದಳು, ಉಳಿದವರು ಹೌದೆಂದರು. ಅದು ಕಾರಿನ ಹಾಗೆ ಕಾಣುತ್ತದೆಂದು ಯಾರೂ ಅನ್ನಲಿಲ್ಲ. ನಿರೀಕ್ಷಕರ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಲಾಗಿತ್ತು, ಎಲ್ಲರೂ ಓದಿದ್ದರು.

ಹನ್ನೊಂದಕ್ಕೆ ಬೀದಿಯಲ್ಲಿ ಬ್ಯಾಂಡು ಕೇಳಿಸಿತು. ಅಂದು ಮಹಾಮಂಡಳಿಯ ವಾರ್ಷಿಕ ಮೆರವಣಿಗೆ. ಉದುರುವ ಗಾಡಿಗಳ ಸಾಲಿನ ಮುಂದೆ ಅಧ್ಯಕ್ಷರು ಮಖಮಲ್ಲಿನ ದಿಂಬಿನ ಮೇಲೆ ಡಬ್ಬಿಯನ್ನಿಟ್ಟುಕೊಂಡು, ಬಾಯಲ್ಲೇ ಹಾರ್ನ್ ಮಾಡುತ್ತ ನಡೆದುಬರುತ್ತಿದ್ದರು. ಅವರ ಹಿಂದೆ ಸರಿಯಾಗಿ ಹದಿನೇಳು ಅಡಿಗೆ ಡಾಕ್ಟರು, ವಾಲ್ವಿನ ಮೇಲೆ ಹೆಬ್ಬೆರಳು ಒತ್ತಿಕೊಂಡೇ. ನಡುವೆ ಕಾರ್ಯದರ್ಶಿಗಳು ಅಳತೆಪಟ್ಟಿ ಹಿಡಿದು ಓಡುತ್ತಿದ್ದರು. ಅತ್ಯುತ್ತಮ ಸುಸ್ಥಿತಿಯ ವಾಹನವೆಂಬ ಮೊದಲ ಬಹುಮಾನ ಆಗಲೇ ಡಬ್ಬಿಗೆ ಬಂದಿತ್ತು. ಶೆಡ್ಡಿನ ಮುಂದೆ ಹಾಯುವಾಗ ಅಧ್ಯಕ್ಷರು ಒಳಗೆ ಇಣುಕಿ, "ಒಳ್ಳೇ ಮೇಜು!" ಎಂದು ಮನಸಾರೆ ಮೆಚ್ಚಿದರು. ಹಿಂದಿನ ಸೀಟಿನ ಮೂವರೂ ಕಿಟಕಿಯ ಗಾಜು ಇಳಿಸಿ ಅವರಿಗೆ ಕೈಬೀಸಿದರು.

ತರಗತಿ ಮುಗಿದ ಮೇಲೆ ರಸೀದಪ್ಪ ಮೂರು ಬಟ್ಟೆ ಹಿಡಿದು ಬಂದರು. ಬಾನೆಟ್ಟಿನ ಮೇಲಿನ ಸೀಮೆಸುಣ್ಣದ ಪುಡಿ, ದಾರದ ತುಂಡು ಎಲ್ಲವನ್ನೂ ಒರೆಸಿ ಒಂದು ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದರು. ಹೆಂಡತಿ ಯಂತ್ರಕ್ಕೆ ಮುಸುಕು ಹಾಕುತ್ತಿದ್ದಳು. ಆಗ ಅವರು ಜೇಬಿನಿಂದ ರಸೀದಿ ಪುಸ್ತಕ ತೆಗೆದು, ಮುತ್ತಿನಂಥ ಅಕ್ಷರದಲ್ಲಿ ಬರೆದು, ಹಾಳೆ ಹರಿದು ಅವಳ ಮುಂದೆ ಹಿಡಿದರು.

"ಮದುವೆಯ ವಾರದಲ್ಲಿ ಒಪ್ಪಿಕೊಂಡ ಪ್ರಕಾರ, ಒಂದು ಶೆಡ್ಡು, ಪೂರ್ತಿ ಖಾಲಿ, ಸುಸ್ಥಿತಿಯಲ್ಲಿ, ಇಂದು ಪಡೆದುಕೊಂಡಿದ್ದೇನೆ."

"ಒಂದು ಸಹಿ ಹಾಕು," ಎಂದರು.

ಬರೆಯಲು ಕೆಳಗೆ ಗಟ್ಟಿಯಾದದ್ದೇನಾದರೂ ಬೇಕಲ್ಲ. ಹೆಂಡತಿ ಹಾಳೆಯನ್ನು ಬಾನೆಟ್ಟಿನ ಮೇಲಿಟ್ಟು, ಇನ್ನೊಂದು ಕೈಯಿಂದ ವೈಪರು ಎತ್ತಿ ಅದರಡಿ ಹಾಳೆಯ ಅಂಚನ್ನು ಸಿಕ್ಕಿಸಿ, ದುಂಡಗೆ ಸಹಿ ಹಾಕಿದಳು.